ಹೆಸರಿಲ್ಲದ ಪಂಪು

ತಿಪ್ಪವ್ವನಿಗೆ ಆ ಹೆಸರು ಬಂದದ್ದು ತಿಪ್ಪೆಯಿಂದಲೇ. ಅವಳಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಇವಳು ಹುಟ್ಟಿದ ಕೂಡಲೇ ಅಜ್ಜಿ ಕೂಸನ್ನು ಎತ್ತಿಕೊಂಡು ಹೋಗಿ ಊರ ಹೊರಗಿನ ತಿಪ್ಪೆಯ ಮೇಲೆ ಹೊರಳಿಸಿ, ಇದು ನಮ್ಮದಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು ಎಂದು ಸಾವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಮನೆಗೆ ತಂದಳು. ಯಾರಿಗೂ ಬೇಡವಾದ ಕೂಸು ಯಮನಿಗೂ ಬೇಡವಾಗುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ ಎನ್ನಬೇಕು. ಈ ಕಥೆ ನಡೆಯುವುದು ಇವತ್ತಿನಿಂದ ಇನ್ನೊಂದು ಇಪ್ಪತ್ತು ವರ್ಷಗಳ ನಂತರ, ಅವಳಿಗೆ ವಯಸ್ಸಾದ ಮೇಲೆ, ಹುಬ್ಬಳ್ಳಿಯ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ. ಆಗಲೂ ತಿಪ್ಪವ್ವ ಬೆಳಗಾಗುತ್ತಲೇ ಕಾರ್ಖಾನೆಯ ಬೀಗ ತೆಗೆದು, ಯಾರ ಮೇಲೆ ರೇಗಲಿ ಎಂದು ಕಾಯುತ್ತ ನಿಂತಿರುತ್ತಿದ್ದಳು.

ಅವಳ ಗಂಡ ಬಡಿಗೇರ, ಎರಕಕ್ಕೆ ಬೇಕಾದ ಮರದ ಅಚ್ಚು ಕೆತ್ತುವವನು. ಅವನು ತೀರಿಕೊಂಡಾಗ ಉಳಿದದ್ದು ಉಳಿಗಳ ಒಂದು ಪೆಟ್ಟಿಗೆ, ಒಂದು ಹಳೆಯ ಲೇತ್ ಮತ್ತು ಮೌನೇಶನೆಂಬ ಸಣ್ಣ ಮಗ. ಇಷ್ಟರಿಂದ ಅವಳು 'ತಿಪ್ಪವ್ವ ಪಂಪ್ ವರ್ಕ್ಸ್' ಕಟ್ಟಿದಳು.

ಆ ಕಾರ್ಖಾನೆಯ ಹಿಂದಿನ ಗೋಡೆಗೆ ಒರಗಿ ಕೆಟ್ಟ ಎರಕಗಳ ಒಂದು ರಾಶಿ ಇತ್ತು. ಬೇರೆಯವರು ಅದನ್ನು ರಿಜೆಕ್ಟ್ ಮಾಲು ಎಂದು ಗುಜರಿಗೆ ಹಾಕುತ್ತಾರೆ. ಇಲ್ಲಿ ಅದರ ಹೆಸರು ತಿಪ್ಪೆ. ಶನಿವಾರ ಯಂತ್ರಗಳನ್ನು ಒರೆಸಿಟ್ಟ ಮೇಲೆ ಎಲ್ಲರೂ ತಿಪ್ಪೆಯ ಸುತ್ತ ಕೂತು ಚಹಾ ಕುಡಿಯಬೇಕು, ಆ ವಾರ ಕೆಟ್ಟ ಪಂಪನ್ನು ನಡುವೆ ಇಟ್ಟು ಬಾಯಿಗೆ ಬಂದಂತೆ ಬೈಯಬೇಕು. ಪಂಪನ್ನೂ ಬೈಯಬಹುದು, ಅದನ್ನು ಮಾಡಿದವನನ್ನೂ, ಮಾಡಿಸಿದ ತಿಪ್ಪವ್ವನನ್ನೂ. ಹೀಗೆ ಬೈಯುತ್ತಿರುವಾಗಲೇ ಯಾರಿಗೋ ಏನೋ ಹೊಳೆಯುತ್ತಿತ್ತು. ಹೊಳೆದಂತೆ ತಿದ್ದಿ, ಪಂಪು ನೀರೆತ್ತಿತೆಂದರೆ, ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪವ್ವ ಮಡಿಲಲ್ಲಿ ಇಟ್ಟುಕೊಂಡು, ನೀರು ಹೋಗುವ ಅದರ ಬಾಯಿಗೆ ತನ್ನ ಬಾಯಿ ಹಚ್ಚಿ 'ಕುರ್ರ್' ಎಂದು ಒಂದು ಹೊಸ ಹೆಸರು ಉಸುರುತ್ತಿದ್ದಳು. ತೊಟ್ಟಿಲಲ್ಲಿಟ್ಟ ಕೂಸಿನ ಕಿವಿಯಲ್ಲಿ ಸೋದರತ್ತೆ ಹೆಸರು ಹೇಳುತ್ತಾಳಲ್ಲ, ಹಾಗೆ. ಸೋದರತ್ತೆಗೆ ಬೀಳುವಂತೆ ಅವಳ ಬೆನ್ನಿಗೂ ಮೆಲ್ಲಗೆ ಒಂದು ಗುದ್ದು ಬೀಳುತ್ತಿತ್ತು. ಆಮೇಲೆ ಎಲ್ಲರಿಗೂ ಬೆಲ್ಲ. ಅಂದಿನಿಂದ ಆ ಪಂಪಿನ ಹಳೆಯ ಹೆಸರನ್ನು ಯಾರೂ ಎತ್ತುವಂತಿಲ್ಲ. ಎತ್ತಿದರೆ ಹಳೆಯದರ ಸಾವು ಹೊಸದರ ಮನೆ ಹುಡುಕಿಕೊಂಡು ಬರುತ್ತದೆ.

ವಸಾಹತಿನ ಉಳಿದ ಕಾರ್ಖಾನೆಯವರು ಮೊದಲು ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಪ್ಪವ್ವನ ಪಂಪುಗಳು ಓಡತೊಡಗಿದ ಮೇಲೆ ನಗುವುದನ್ನು ಬಿಟ್ಟು ತಮ್ಮ ಹಿತ್ತಿಲಲ್ಲೂ ಒಂದೊಂದು ತಿಪ್ಪೆ ಮಾಡಿಕೊಂಡು, ಹೊಸ ಹೆಸರಿಟ್ಟು ಹಳೆಯದನ್ನು ನುಂಗತೊಡಗಿದರು.

ಅವಳ ಮನೆಯ ಒಲೆ ಉರಿಸಿದ್ದು 'ಮೀನಕ್ಕ'. ಮೀನು ಸಾಕುವವರು ಬಂದು, ಮೀನಿನ ಮರಿಗಳನ್ನು ನೀರಿನ ಸಮೇತ ಒಂದು ಹೊಂಡದಿಂದ ಇನ್ನೊಂದಕ್ಕೆ ಎತ್ತಿಹಾಕುವ ಪಂಪು ಬೇಕೆಂದಿದ್ದರು. ಮೊದಲು ಮಾಡಿದ್ದು ಮರಿಗಳನ್ನು ಚಟ್ನಿ ಮಾಡಿ ಹೊರಗೆ ಚೆಲ್ಲಿತು. ಕಾರ್ಖಾನೆ ವಾರಗಟ್ಟಲೆ ನಾರಿತು. ಅನೇಕ ಶನಿವಾರಗಳ ಬೈಗುಳದ ಮೇಲೆ, ಒಳಗಿನ ಚಕ್ರ ಯಾವ ಗೋಡೆಗೂ ತಾಗದೆ, ನಡುವೆ ಇರುಸು ಕೂಡ ಇಲ್ಲದೆ, ಆಯಸ್ಕಾಂತದ ಸೆಳೆತಕ್ಕೆ ನೀರಿನಲ್ಲೇ ತೇಲುತ್ತ ತಿರುಗುವ ಹಾಗೆ ಮಾಡಿದರು. ಮರಿಗಳು ತಲೆ ತಿರುಗಿದಂತೆ ಹೊರಬಂದು, ಒಂದು ಗಳಿಗೆ ಸುಧಾರಿಸಿಕೊಂಡು, ಈಜಿಕೊಂಡು ಹೋದವು.

*

ಒಂದು ಹೊಸ ಯೋಚನೆ ಗೆಲ್ಲುತ್ತದೆಯೋ ಸೋಲುತ್ತದೆಯೋ ಕೈಹಾಕುವ ಮೊದಲೇ ಗೊತ್ತಾಗುವಂತಿದ್ದರೆ? ಮನೆ ಮಾರಿ ಕಾರ್ಖಾನೆ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಕೊಂಡವರೇ. ಧಾರವಾಡದ ಗುಡ್ಡದ ಮೇಲೆ ಹುಟ್ಟಿಕೊಂಡ ಒಂದು ಸಂಶೋಧನಾ ಕೇಂದ್ರ ಅದಕ್ಕೆ ಉತ್ತರ ಹೇಳುವ ಯಂತ್ರ ಮಾಡಿತು. ಅದಕ್ಕೆ 'ಒರೆಗಲ್ಲು' ಎಂದು ಹೆಸರಿಟ್ಟರು.

ಒರೆಗಲ್ಲು ಕೆಲಸ ಮಾಡುವ ರೀತಿ ಸರಳ. ಈ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ದಶಕಗಳಿಂದ ಯಾರು ಯಾರು ಏನೇನು ಹೊಸದನ್ನು ಮಾಡಲು ಹೋದರು, ಮೊದಲ ಪರೀಕ್ಷೆಯಲ್ಲಿ ಏನಾಯಿತು, ಕೊನೆಗೆ ಮಾರಾಟವಾಯಿತೋ ಮೂಲೆ ಸೇರಿತೋ, ಎಲ್ಲ ಚರಿತ್ರೆಯನ್ನೂ ಅದಕ್ಕೆ ಉಣಿಸಿದರು. ಹೊಸ ಯೋಚನೆ ಬಂದರೆ ಹಳೆಯ ಚರಿತ್ರೆಗಳ ಜೊತೆ ಹೋಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಆ ಚರಿತ್ರೆ ಸಂಗ್ರಹಿಸಲು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದ ಎಂಜಿನಿಯರುಗಳಲ್ಲಿ ಬಾಗಲಕೋಟೆಯ ಪ್ರಭಾವತಿಯೂ ಒಬ್ಬಳು.

"ಅಮ್ಮಾರ, ಈ ಮೀನಕ್ಕ ಮೊದಲು ಏನಾಗಿತ್ರಿ? ಯಾವುದನ್ನ ತಿದ್ದಿ ಇದನ್ನ ಮಾಡಿದ್ರಿ?" ಎಂದು ಅವಳು ತಿಪ್ಪವ್ವನನ್ನು ಕೇಳಿದ್ದಳು.

"ಯಾವುದನ್ನೂ ತಿದ್ದಿಲ್ಲವಾ. ಇದು ಹೊಸಾದು. ಹುಟ್ಟಿದಾಗಿಂದ ಗಟ್ಟಿ ಐತಿ," ಎಂದಳು ತಿಪ್ಪವ್ವ, ಮುಖದ ಒಂದು ಗೆರೆಯೂ ಅಲುಗದಂತೆ.

ಹಿಂದೆ ನಿಂತಿದ್ದ ಮೌನೇಶ ನಗು ತಡೆಯಲಾರದೆ ಕೆಮ್ಮಿದ. ಪ್ರಭಾವತಿ ತಿರುಗಿ ನೋಡಿದಳು. ಮುಂದಿನದು ಯಂತ್ರದ ಅಂಕಕ್ಕೆ ಸಿಗುವ ವಿಷಯವಲ್ಲ. ವರ್ಷ ತುಂಬುವುದರಲ್ಲಿ ಅವಳು ಆ ಮನೆಯ ಸೊಸೆಯಾಗಿದ್ದಳು. ಹೆಸರಿಡುವ ಶನಿವಾರಗಳಲ್ಲಿ ಅವಳೂ ನಕ್ಕು ಬೆಲ್ಲ ತಿಂದಳು, ಅತ್ತೆಯ ಬೆನ್ನಿಗೆ ಗುದ್ದಿದಳು. ಮನೆತನದ ಒಂದು ಚಂದದ ಆಟ ಎಂದುಕೊಂಡಳು.

ಒರೆಗಲ್ಲು ಬಂದ ಮೇಲೆ ಜನ ಅದಕ್ಕೆ ಎಷ್ಟು ಬೇಗ ಒಗ್ಗಿಕೊಂಡರೆಂದರೆ, ಅದಿಲ್ಲದ ಕಾಲ ಒಂದಿತ್ತೆಂದು ನಂಬುವುದೇ ಕಷ್ಟವಾಯಿತು. ಖಾನಾವಳಿಯ ಒಡತಿ ಹೊಸದೊಂದು ಪಲ್ಯ ಸೇರಿಸುವ ಮೊದಲು ಫೋನಿನಲ್ಲಿ ಅಂಕ ಕೇಳುತ್ತಿದ್ದಳು. ಮೂವತ್ತಕ್ಕಿಂತ ಕಡಿಮೆ ಬಂದರೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ, ಪರೀಕ್ಷಾಲಯಗಳು ಬಾಗಿಲು ತೆರೆಯುತ್ತಿರಲಿಲ್ಲ. ಇದರಿಂದ ಒಳ್ಳೆಯದೂ ಆಯಿತು, ಇಲ್ಲವೆನ್ನಬಾರದು. ದಿವಾಳಿ ಎದ್ದವರು ಕಡಿಮೆಯಾದರು. ಗಂಡನ ಹುಚ್ಚು ಯೋಚನೆಗೆ ತಾಳಿ ಅಡವಿಟ್ಟು ಅಳುವ ಹೆಂಗಸರು ಕಡಿಮೆಯಾದರು. ಹಿತ್ತಿಲ ತಿಪ್ಪೆಗಳೂ ಕರಗಿದವು, ಯಾಕೆಂದರೆ ಕೆಡುವಂಥದ್ದನ್ನು ಯಾರೂ ಮಾಡಲೇ ಇಲ್ಲ. ತಿಪ್ಪವ್ವನ ಕಾರ್ಖಾನೆಯಲ್ಲೂ ಶನಿವಾರದ ಚಹಾ ನಿಂತಂತೆಯೇ ಆಯಿತು. ಎಲ್ಲರೂ ಹಳೆಯ ಪಂಪನ್ನೇ ಚೊಕ್ಕಟವಾಗಿ ಮಾಡಿ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗತೊಡಗಿದರು.

*

ಮೌನೇಶನ ಕಾಲು ಊದಿಕೊಳ್ಳತೊಡಗಿದ್ದು ಆ ದಿನಗಳಲ್ಲಿ. ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಸ್ನಾಯು ಸೋಲುತ್ತಿದೆ ಎಂದರು ಡಾಕ್ಟರು. ಔಷಧದಿಂದ ಸ್ವಲ್ಪ ಕಾಲ ತಳ್ಳಬಹುದು. ಬೇರೆ ಹೃದಯ ಸಿಗುವ ಸಾಲು ಬಹಳ ಉದ್ದವಿದೆ. ಎದೆಯೊಳಗೆ ಕೂರಿಸಿ ರಕ್ತ ಎತ್ತುವ ವಿದೇಶಿ ಪಂಪು ಇದೆ, ಆದರೆ ಅದು ನಿಮ್ಮ ಕೈಗೆಟುಕುವುದಲ್ಲ. ಇಷ್ಟನ್ನು ಹೇಳಿ ಅವರು ಕನ್ನಡಕ ಒರೆಸಿಕೊಂಡರು.

ಆಸ್ಪತ್ರೆಯ ಹೊರಗೆ ಬಂದು ನಿಂತಾಗ ಪ್ರಭಾವತಿ ಅಳುತ್ತಿದ್ದಳು. ಮೌನೇಶ ಮಾತ್ರ ಯಾವುದೋ ಲೆಕ್ಕದಲ್ಲಿ ಮುಳುಗಿದ್ದ.

"ಪಂಪು ಅಂದ್ರಲ್ಲ ಅವರು?" ಎಂದ.

"ಹೂಂ."

"ಪ್ರಭಾ, ನಾವು ಮಾಡೂದು ಏನ ಹಂಗಾರ? ಮೀನಿನ ಮರಿ ಸಾಯಲಾರದಂಗ ನೀರು ಎತ್ತತೈತಿ ಅಂದ್ರ, ರಕ್ತ ಕೆಡಲಾರದಂಗ ಯಾಕ ಎತ್ತಬಾರದು? ರಕ್ತದಾಗೂ ಸಣ್ಣ ಸಣ್ಣ ಮರೀನ ಅದಾವಲ್ಲ."

ಅಂದಿನಿಂದ ಅವನನ್ನು ಹಿಡಿಯುವವರಿಲ್ಲ. ಅಪ್ಪನ ಉಳಿಗಳನ್ನು ಹೊರತೆಗೆದು, ನಿಂಬೆಹಣ್ಣಿನಷ್ಟು ದೊಡ್ಡ ಮೀನಕ್ಕನ ಅಚ್ಚು ಕೆತ್ತಿದ. ಎರಕ ಹೊಯ್ಯುವ ಹುಸೇನಸಾಬ ಮೂವತ್ತು ವರ್ಷದಿಂದ ಮನುಷ್ಯರಷ್ಟು ತೂಕದ ಪಂಪು ಮಾಡಿದವನು, ಈ ಚೋಟುದ್ದದ್ದನ್ನು ಅಂಗೈಯಲ್ಲಿ ಹಿಡಿದು, "ಮೌನಪ್ಪಾ, ಇದು ಕೈಯಾಗ ಸಿಗವಲ್ದಲ್ಲೋ, ಮೂಗುತಿ ಮಾಡಿದಂಗ ಆತು," ಎಂದು ಗೊಣಗಿ, ಮಾಡಿಕೊಟ್ಟ. ಪಂಪಿಗೆ ಹೆಸರಿಡು ಎಂದರೆ ಮೌನೇಶ ಒಪ್ಪಲಿಲ್ಲ. ಕೆಡುವುದು ಗ್ಯಾರಂಟಿ, ಹೆಸರಿಟ್ಟರೆ ಅದನ್ನು ಬಿಡಬೇಕಾಗುತ್ತದೆ, ಗಟ್ಟಿಯಾದ ಮೇಲೆ ಒಂದೇ ಹೆಸರು ಸಾಕು ಎಂದ.

ಕಟುಕರ ಅಂಗಡಿಯಿಂದ ಆಡಿನ ರಕ್ತ ತಂದು, ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಗಾಜಿನ ಕೊಳವೆಗಳಲ್ಲಿ ದಿನವಿಡೀ ಓಡಿಸಿದರು. ಸಂಜೆ ಒಂದಿಷ್ಟನ್ನು ಬಾಟಲಿಯಲ್ಲಿ ನಿಲ್ಲಿಸಿದರು. ರಕ್ತ ಕೆಡದಿದ್ದರೆ ಅದರ ಕಣಗಳೆಲ್ಲ ಕೆಳಗೆ ಕೂತು ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ಮೇಲೆ ನಿಂತದ್ದು ಕೆಂಪು ನೀರು. ಕಣಗಳೆಲ್ಲ ಒಡೆದು ಹೋಗಿದ್ದವು.

"ಕೆಟ್ತು," ಎಂದ ಮೌನೇಶ. ಅವನ ಮುಖ ಅರಳಿತ್ತು.

"ಮೊದಲನೇದು ಕೆಡಬೇಕು," ಎಂದಳು ತಿಪ್ಪವ್ವ. "ಕೆಡಲಿಲ್ಲಂದ್ರ ಅದು ನಮ್ಮ ಪಂಪಲ್ಲ. ಶನಿವಾರ ಬೈಯೂಣು."

ಬಹುದಿನಗಳ ಮೇಲೆ ಗೋಡೆಯ ಬಳಿ ಚಹಾದ ಕೆಟಲು ಬಂತು. ಮೌನೇಶನಿಗೆ ಬೈಯಿಸಿಕೊಳ್ಳುವುದೆಂದರೆ ಹಬ್ಬ. ಚಕ್ರ ಹಗುರಾಗಬೇಕು, ಅದಕ್ಕೆ ಬೇರೆ ಲೋಹ ಬೇಕು, ಕಣ್ಣಿಗೆ ಕಾಣದಷ್ಟು ನುಣುಪು ಬೇಕು ಎಂಬಲ್ಲಿಗೆ ಬೈಗುಳ ಬಂದು ನಿಂತಿತು. ಆ ಲೋಹ, ಆ ನುಣುಪು ನೋಡುವ ಯಂತ್ರ, ಆಮೇಲೆ ಪ್ರಾಣಿಗಳ ಮೇಲಿನ ಪರೀಕ್ಷೆ, ಯಾವುದೂ ಕಾರ್ಖಾನೆಯ ಗೋಡೆಯೊಳಗೆ ಸಿಗುವಂಥದ್ದಲ್ಲ. ದೊಡ್ಡ ಆಸ್ಪತ್ರೆಯ ಪ್ರಯೋಗಾಲಯ ಬೇಕು. ಅದರ ಬಾಗಿಲಿಗೆ ಒರೆಗಲ್ಲಿನ ಅಂಕ ಬೇಕು.

ಒರೆಗಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಆ ಯೋಚನೆಯನ್ನು ತುಂಬಿಸಿದವಳು ಪ್ರಭಾವತಿಯೇ. ಗಾಜಿನ ಗೋಡೆ, ತಣ್ಣನೆ ಗಾಳಿ, ಸಾಲಾಗಿ ಪರದೆಗಳು. ವಸ್ತುವಿನ ಹೆಸರು ಎಂಬಲ್ಲಿ 'ಹೆಸರಿಲ್ಲ' ಎಂದು ಬರೆದಳು. ಮೊದಲ ಪರೀಕ್ಷೆ ಎಂಬಲ್ಲಿ 'ಸೋತಿದೆ' ಎಂದು ಬರೆದಳು. ಸುಳ್ಳು ಬರೆಯಬಹುದಿತ್ತು. ಬರೆಯಲಿಲ್ಲ, ಯಾಕೆಂದರೆ ಆ ಯಂತ್ರವನ್ನು ಅವಳು ನಂಬಿದ್ದಳು, ಮತ್ತು ಎದೆಯೊಳಗೆ ಕೂರಿಸುವ ವಸ್ತುವಿನ ಬಗ್ಗೆ ಸುಳ್ಳು ಬರೆದು ಗಂಡನನ್ನು ತಾನೇ ಕೊಂದಂತಾದರೆ ಎಂಬ ಭಯವೂ ಇತ್ತು.

ಪರದೆಯ ಮೇಲೆ ನಾಲ್ಕು ಎಂದು ಬಂತು. ಮತ್ತೆ ಕೇಳಿದಳು. ಮತ್ತೆ ನಾಲ್ಕು.

ಮನೆಯಲ್ಲಿ ಅವನು ರೊಟ್ಟಿ ಮುರಿಯುತ್ತ ಕೂತಿದ್ದ. ಅವಳ ಮುಖ ನೋಡಿ ಕೈ ನಿಲ್ಲಿಸಿದ.

"ಎಷ್ಟ ಬಂತು?"

"ನಾಲ್ಕ್ ರೀ."

"ನೂರಕ್ಕ?"

ಅವಳು ತಲೆಯಾಡಿಸಿದಳು. ಒಲೆಯ ಮುಂದಿದ್ದ ತಿಪ್ಪವ್ವ, "ನಾಲ್ಕಂದ್ರ ಏನಾತು? ಯಂತ್ರಕ್ಕೇನು ಗೊತ್ತು?" ಎಂದಳು.

"ಹಂಗನ್ನಬ್ಯಾಡವಾ. ಅದು ಇಡೀ ಜಿಲ್ಲಾದ ಅನುಭವ ಕುಡದೈತಿ," ಎಂದ ಮೌನೇಶ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀ ಖರೇ ಹೇಳಿದಿ, ಅದ ಛಲೋ ಆತು. ಇಲ್ಲಂದ್ರ ಇದ್ದಷ್ಟ ದಿನಾನೂ ಆ ಪಂಪಿನ ಬೆನ್ನ ಹತ್ತಿ ಕಳೀತಿದ್ದೆ," ಎಂದ.

ಮರುದಿನ ಪಂಪನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಕಾರ್ಖಾನೆಯ ಗೋಡೆಯ ಗೂಡಿನಲ್ಲಿಟ್ಟ. ಉಳಿಗಳನ್ನು ಪೆಟ್ಟಿಗೆಗೆ ಸೇರಿಸಿದ.

ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಆಮೇಲಿನ ತಿಂಗಳುಗಳಲ್ಲಿ ಅವರಿಬ್ಬರೂ ಸುಖವಾಗಿದ್ದರು. ಸಂಜೆ ಉಣಕಲ್ ಕೆರೆಯ ದಂಡೆಗೆ ಹೋಗಿ ಮಂಡಕ್ಕಿಯ ಗಿರ್ಮಿಟ್ ತಿನ್ನುತ್ತಿದ್ದರು. ಅವನಿಗೆ ಡಾಕ್ಟರು ಮೆಣಸಿನಕಾಯಿ ಬೇಡವೆಂದಿದ್ದರಿಂದ ಪ್ರಭಾವತಿ ಅವನ ಪಾಲಿನದನ್ನೂ ತಾನೇ ತಿಂದು ಕಣ್ಣೀರು ಸುರಿಸುತ್ತಿದ್ದಳು. ಆ ಕಣ್ಣೀರಿನಲ್ಲಿ ಬೇರೆಯದೂ ಸೇರಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಮದುವೆಯಾದಾಗಿನಿಂದ ಅವನು ಇಷ್ಟು ಹೊತ್ತು ಅವಳ ಪಕ್ಕದಲ್ಲಿ ಕೂತದ್ದಿರಲಿಲ್ಲ. ಯಂತ್ರ ತನಗೆ ಗಂಡನನ್ನು ಕೊಟ್ಟಿತು ಎಂದೇ ಅವಳು ಅಂದುಕೊಂಡಳು. ಒಂದು ಮಧ್ಯಾಹ್ನ ನೆರೆಮನೆಯವರ ನಲ್ಲಿ ರಿಪೇರಿ ಮಾಡುತ್ತಿದ್ದವನು, ಪಾನಾ ಕೆಳಗಿಟ್ಟು, ಗೋಡೆಗೆ ಒರಗಿ ಕೂತು, ಹಾಗೆಯೇ ಹೋಗಿಬಿಟ್ಟ.

*

ಅವನು ಹೋದ ಮೇಲೆ ಪ್ರಭಾವತಿ ನಿಯಂತ್ರಣ ಕೊಠಡಿಯಲ್ಲಿ ಹೆಚ್ಚು ಹೊತ್ತು ಕಳೆಯತೊಡಗಿದಳು. ಮನೆಯಲ್ಲಿ ಅತ್ತೆಯ ಮುಖ ನೋಡುವುದು ಅವಳಿಂದಾಗುತ್ತಿರಲಿಲ್ಲ. ತಿಪ್ಪವ್ವ ಅಳುತ್ತಿರಲಿಲ್ಲ, ರೇಗುವುದನ್ನೂ ಬಿಟ್ಟಿದ್ದಳು.

ಅದೇ ಸಮಯಕ್ಕೆ ಕೇಂದ್ರದಲ್ಲಿ ಒಂದು ಗಾಬರಿ ಶುರುವಾಗಿತ್ತು. ಒರೆಗಲ್ಲು ಕೊಡುವ ಅಂಕಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದವು. ಮೂವತ್ತು ದಾಟುವ ಯೋಚನೆಗಳೇ ಅಪರೂಪವಾದವು. ಹೊಸ ಕಾರ್ಖಾನೆ ತೆರೆಯುವವರಿಲ್ಲ, ಹಳೆಯದರಲ್ಲಿ ಹೊಸ ಮಾಲಿಲ್ಲ. ಉದ್ಯಮಶೀಲತೆಗೆ ಪ್ರೇರಣೆ ಯಾವುದು ಎಂದು ಕಂಡುಹಿಡಿಯಲು ಸರ್ಕಾರ ಒಂದು ಸಮಿತಿ ಮಾಡಿತು. ಬಂಡವಾಳ, ತರಬೇತಿ, ಮಾರುಕಟ್ಟೆ, ಸ್ಪರ್ಧೆ, ತೆರಿಗೆ ವಿನಾಯ್ತಿ ಎಂದು ದೊಡ್ಡವರೆಲ್ಲ ಕೂತು ಹೇಳಿದರು. ಯಾವುದೂ ಸುಳ್ಳಲ್ಲ. ಆದರೆ ಕೆಟ್ಟದ್ದನ್ನು ನಡುವೆ ಇಟ್ಟುಕೊಂಡು ಚಹಾ ಕುಡಿಯಲು ಒಂದು ಜಾಗ ಬೇಕು ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಊಟದ ಹೊತ್ತಿಗೆ ಒಳ್ಳೆಯ ನಗೆಯಾಗುತ್ತಿತ್ತು.

"ಜನರ ಯೋಚನೀನ ತೆಳ್ಳಗಾಗ್ಯಾವ, ಪ್ರಭಾವತಿ," ಎಂದರು ಕೇಂದ್ರದ ನಿರ್ದೇಶಕ ಡಾ. ಇನಾಮದಾರ. "ಯಂತ್ರ ಏನು ಮಾಡ್ತದ ಪಾಪ? ಕನ್ನಡಿಗೆ ಬೈದು ಏನುಪಯೋಗ?"

ಇನಾಮದಾರರು ಕೆಟ್ಟವರಲ್ಲ. ಮೌನೇಶ ಹೋದಾಗ ಮನೆಗೆ ಬಂದು, ತಿಪ್ಪವ್ವನ ಎದುರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಸುಮಾರು ಹೊತ್ತು ನಿಂತಿದ್ದವರು.

*

ಮಳೆಗಾಲ ಮುಗಿದ ಮೇಲೆ ತಿಪ್ಪವ್ವನ ಮೈದುನನ ಮೊಮ್ಮಗಳು ಶಶಿಕಲಾಳ ಕೂಸಿಗೆ ಹೆಸರಿಡುವ ಕಾರ್ಯವಿತ್ತು. ಅವಳ ಮೊದಲ ಕೂಸು ಹೋಗಿತ್ತು, ಇದು ಎರಡನೆಯದು. ತಿಪ್ಪವ್ವ ಬರಲೇಬೇಕೆಂದು ಜನ ಬಂದು ಕರೆದರು. ಹೋದಳು, ಸೊಸೆಯನ್ನೂ ಕರೆದುಕೊಂಡು.

ತೊಟ್ಟಿಲ ಹಾಡು ಮುಗಿದು, ಕಡಲೆ ಹಂಚುವಾಗ ಶಶಿಕಲಾ ಕೂಸಿನ ಮುಖ ನೋಡುತ್ತ, "ಇವರಕ್ಕ ಸಿಂಚನಾ ಇದ್ದಿದ್ರ ಈಗ ತೊಟ್ಲಾ ತೂಗ್ತಿದ್ಲು," ಎಂದಳು.

"ಬಾಯಿ ಮುಚ್ಚ!" ತಿಪ್ಪವ್ವ ಸಿಡಿದಳು. "ಹೊಸಾ ಕೂಸಿನ ಮುಂದ ಆ ಹೆಸರು ಎತ್ತತಾರೇನ? ಇದು ನಿನಗ ಮೊದಲನೇದು. ತಿಳೀತಿಲ್ಲೋ? ಇದ ಮೊದಲನೇದು."

ಶಶಿಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹಾಡುತ್ತಿದ್ದ ಹೆಂಗಸರು ಕಡಲೆಯ ಕಡೆ ನೋಡಿದರು.

ಮನೆಗೆ ಮರಳುವಾಗ ಆಟೋದಲ್ಲಿ ತಿಪ್ಪವ್ವ ಬಹಳ ಹೊತ್ತು ಹೊರಗೆ ನೋಡುತ್ತ ಕೂತಿದ್ದಳು.

"ಬೈಬಾರದಿತ್ತು ಆಕೀಗೆ," ಎಂದಳು ಕೊನೆಗೆ. "ನನಗಿಂತ ಮೊದಲೂ ಹುಟ್ಟಿದ್ದುವು ಪ್ರಭಾ. ಎಷ್ಟಂತ ಗೊತ್ತಿಲ್ಲ. ಅಣ್ಣಗಳೋ ಅಕ್ಕಗಳೋ ಅದೂ ಗೊತ್ತಿಲ್ಲ. ಹೆಸರು ಕೇಳಿದ್ರ ನಮ್ಮವ್ವನೂ ಹಿಂಗ ಬಾಯಿಗೆ ಸೆರಗು ಹಿಡಕೊಂಡು ಒಳಗ ಹೋಗ್ತಿದ್ಲು. ಸಾಲ್ಯಾಗ ನಾನ ಮೊದಲನೇಕಿ ಅಂತ ಬರಿಸಿದ್ರು. ಅವು ಹೋಗಿದ್ದಕ್ಕ ನನ್ನನ್ನ ತಿಪ್ಪಿ ಮ್ಯಾಲೆ ಹೊರಳಿಸಿ ಉಳಿಸಿಕೊಂಡ್ರು. ಅವು ಇರಲಿಲ್ಲಂದ್ರ ನಾ ಇರತಿದ್ದಿಲ್ಲ. ಮೊದಲನೇಕಿ ನಾ ಹೆಂಗಾದೆ?"

ಪ್ರಭಾವತಿ ಏನೋ ಸಮಾಧಾನದ ಮಾತು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಲವು ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ತಾನು ಕೇಳಿದ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ ಅವಳಿಗೆ ಕಿವಿಯಲ್ಲಿ ಕೇಳಿದಂತಾಯಿತು. ಇದು ಹೊಸಾದು. ಹುಟ್ಟಿದಾಗಿಂದ ಗಟ್ಟಿ ಐತಿ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕೇಂದ್ರಕ್ಕೆ ಹೋಗಿ ಮೀನಕ್ಕನ ಚರಿತ್ರೆ ತೆಗೆದಳು. ಮೊದಲ ಪರೀಕ್ಷೆ: ಗೆದ್ದಿದೆ. ಅದಕ್ಕೆ ಹಿಂದಿಲ್ಲ ಮುಂದಿಲ್ಲ, ಆಕಾಶದಿಂದ ಉದುರಿದ ಪಂಪು. ಮೀನು ಸಾಕುವವರ ಹಳೆಯ ಕಾಗದಗಳಿಂದ ಬಂದ ಬೇರೊಂದು ಚರಿತ್ರೆಯಲ್ಲಿ 'ಗರುಡ' ಎಂಬ ಪಂಪಿತ್ತು. ಮರಿಗಳನ್ನು ಕೊಂದಿತು, ಸೋತಿತು, ಅಲ್ಲಿಗೆ ಮುಗಿಯಿತು. ಆ ಗರುಡನೇ ತಿದ್ದಿಸಿಕೊಂಡು ಮೀನಕ್ಕನಾಗಿರಬೇಕು, ಹಾಗೆಂದು ಯಂತ್ರಕ್ಕೆ ಹೇಳಿದವರಿಲ್ಲ. ವಸಾಹತಿನ ಬೇರೆ ಕಾರ್ಖಾನೆಗಳದ್ದು ತೆಗೆದಳು. ಎಲ್ಲ ಕಡೆಯೂ ಹಾಗೆಯೇ. ಸತ್ತವು ಸತ್ತೇ ಇದ್ದವು, ಬದುಕಿದವು ಎಂದೂ ಕೆಟ್ಟಿರಲೇ ಇಲ್ಲ.

ಯಂತ್ರ ತನಗೆ ಕಲಿಸಿದ್ದನ್ನು ಚೆನ್ನಾಗಿಯೇ ಕಲಿತಿತ್ತು. ಒಂದು ಸಲ ಸೋತದ್ದು ಮತ್ತೆ ಏಳುವುದಿಲ್ಲ ಎಂದು ಅದಕ್ಕೆ ಹೇಳಿಕೊಟ್ಟವರು ಇದೇ ಜನ, ಸೋತದ್ದನ್ನು ಎಬ್ಬಿಸಿಯೇ ಹೊಟ್ಟೆ ಹೊರೆದವರು. ಹೆಸರಿಲ್ಲದ ಪಂಪು ಮೊದಲ ಪರೀಕ್ಷೆಯಲ್ಲಿ ಸೋತಿತ್ತು. ಅದಕ್ಕೇ ನಾಲ್ಕು.

ಪ್ರಭಾವತಿ 'ಸೋತಿದೆ' ಎಂಬ ಆ ಶಬ್ದದ ಮೇಲೆ ಬೆರಳಿಟ್ಟು ಕೂತಳು. ಗಾಜಿನ ಆಚೆ ಜನ ಒಬ್ಬೊಬ್ಬರಾಗಿ ಕೆಲಸಕ್ಕೆ ಬರುತ್ತಿದ್ದರು.

*

ಹಳೆಯ ಹೆಸರುಗಳು ಬೇಕಿದ್ದವು. ಯಾವುದು ಯಾವುದರ ಮುಂದಿನ ಜನ್ಮ ಎಂದು ಯಂತ್ರಕ್ಕೆ ಹೇಳಿದರೆ ಅದು ಹೊಸದಾಗಿ ಕಲಿಯುತ್ತಿತ್ತು. ಆ ನಂಟು ಇದ್ದದ್ದು ತಿಪ್ಪವ್ವನ ಮತ್ತು ಅವಳ ಜೊತೆಯವರ ನೆನಪಿನಲ್ಲಿ ಮಾತ್ರ. ಆದರೆ ಅದನ್ನು ಕೇಳಬೇಕಾದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ, ಮಗನಿಗೆ ನಾಲ್ಕು ಬಂದದ್ದು ಯಾರ ಮೌನದಿಂದ ಎಂಬುದೂ ಆ ಮುದುಕಿಗೆ ತಿಳಿಯುತ್ತದೆ. ಪ್ರಭಾವತಿ ಒಂದು ವಾರ ಇದನ್ನು ಒಳಗೇ ಇಟ್ಟುಕೊಂಡು ಒದ್ದಾಡಿದಳು. ಅಷ್ಟರಲ್ಲಿ ಯಾರ್ಯಾರದೋ ಯೋಚನೆಗಳು ಬಂದು, ಮೂರು, ಐದು, ಎರಡು ಎಂದು ಅಂಕ ಪಡೆದು ಹೋಗುತ್ತಿದ್ದವು. ಅವುಗಳಲ್ಲಿ ಯಾವುದರ ಹಿಂದೆ ಯಾರ ಉಸಿರು ನಿಂತಿದೆಯೋ ಎನಿಸಿ ಅವಳಿಗೆ ತಡೆಯಲಾಗಲಿಲ್ಲ.

ಶನಿವಾರ ಕಾರ್ಖಾನೆಗೆ ಹೋದಳು. ಯಂತ್ರಗಳನ್ನು ಒರೆಸಿಯಾಗಿತ್ತು. ಗೋಡೆಯ ಬಳಿ ತುಕ್ಕು ಹಿಡಿದ ನಾಲ್ಕಾರು ಎರಕಗಳಷ್ಟೇ ಉಳಿದಿದ್ದವು. ತಿಪ್ಪವ್ವ, ಹುಸೇನಸಾಬ, ಇನ್ನಿಬ್ಬರು ಹಳಬರು ಚಹಾ ಕುಡಿಯುತ್ತಿದ್ದರು.

"ಅತ್ತಿ, ಹಳೇ ಹೆಸರು ಹೇಳಬೇಕ್ರಿ. ಮೀನಕ್ಕ ಮೊದಲ ಏನಿತ್ತು, ಉಳದದ್ದು ಏನೇನಿದ್ವು, ಎಲ್ಲಾ."

"ಎತ್ತಬಾರದು ಅಂತ ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ಆದರೂ ಬೇಕು. ಯಂತ್ರಕ್ಕ ಗೊತ್ತಾಗಬೇಕು, ಕೆಟ್ಟದ್ದು ಏಳತೈತಿ ಅಂತ."

ತಿಪ್ಪವ್ವ ಬಟ್ಟಲು ಕೆಳಗಿಟ್ಟಳು. ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದಳು.

"ನನ್ನ ಮಗಂದು ನಾಲ್ಕು ಬಂದದ್ದು ಇದಕ್ಕೇನ?"

"ಅಲ್ರಿ ಅತ್ತಿ," ಎಂದಳು ಪ್ರಭಾವತಿ. "ಅದು ಬ್ಯಾರೇ."

ಆಮೇಲೆ ತಿಪ್ಪವ್ವ ಕಣ್ಣು ಮುಚ್ಚಿ, "ಗರುಡ," ಎಂದಳು. ಹುಸೇನಸಾಬ ಬೆಚ್ಚಿ ನೋಡಿದ. "ಮೀನಕ್ಕ ಮೊದಲ ಗರುಡ ಇತ್ತು. ಅದಕ್ಕೂ ಮೊದಲ ಕಾಗಿ. ಆ ಬಾಂವಿ ಪಂಪು ಮೊದಲ ಭೀಮ ಇತ್ತು, ಏಳಲಿಲ್ಲ, ಕೀಚಕ ಅಂತ ಬೈದ್ವಿ." ಹುಸೇನಸಾಬ ಹೆದರುತ್ತ ಹೆದರುತ್ತ ಒಂದನ್ನು ಸೇರಿಸಿದ. ಇನ್ನೊಬ್ಬರು ಇನ್ನೊಂದನ್ನು. ಎಷ್ಟೋ ವರ್ಷ ಬಾಯಿಗೆ ಬಾರದಿದ್ದ ಹೆಸರುಗಳು ಒಂದರ ಹಿಂದೆ ಒಂದು ಬಂದವು. ಒಂದೊಂದಕ್ಕೂ ಒಂದು ಬೈಗುಳ, ಒಂದು ನಗೆ ಅಂಟಿಕೊಂಡೇ ಬಂತು. ಎಷ್ಟೋ ಕಡೆ 'ಇದು ಮೌನಪ್ಪಗ ಹೊಳದಿದ್ದು' ಎಂಬ ಮಾತು ಬಂತು. ಮುಂದಿನ ದಿನಗಳಲ್ಲಿ ಪಕ್ಕದ ಕಾರ್ಖಾನೆಗಳ ಹಳಬರೂ ಬಂದು ತಮ್ಮ ತಮ್ಮ ಸತ್ತವರ ಹೆಸರು ಹೇಳಿ ಹೋದರು.

ಪ್ರಭಾವತಿ ಎಲ್ಲವನ್ನೂ ಯಂತ್ರಕ್ಕೆ ಉಣಿಸಿದಳು. ಇನಾಮದಾರರು ಪಕ್ಕದಲ್ಲೇ ನಿಂತು ನೋಡಿದರು. ಹೊಸ ಪಾಠ ಕಲಿತ ಒರೆಗಲ್ಲಿಗೆ ಅವಳು ಮೊದಲು ಕೇಳಿದ್ದು ಹೆಸರಿಲ್ಲದ ಪಂಪಿನ ಬಗ್ಗೆ. ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಮೊದಲ ಪರೀಕ್ಷೆ: ಸೋತಿದೆ.

ಅರವತ್ತೊಂದು.

ಇನಾಮದಾರರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

*

ಮುಂದಿನ ಶನಿವಾರ ಅವಳು ಕಾರ್ಖಾನೆಗೆ ಬಂದಾಗ ತಿಪ್ಪವ್ವ ಗೋಡೆಯ ಗೂಡಿನಿಂದ ಆ ಬಿಳಿ ಬಟ್ಟೆಯ ಗಂಟನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಎಷ್ಟ ಬಂತು?"

ಮಗ ಕೇಳಿದ್ದೂ ಇದೇ ಮಾತು, ಇದೇ ಧಾಟಿಯಲ್ಲಿ.

"ಇನ್ನೂ ಬಂದಿಲ್ರಿ. ಯಂತ್ರ ಲೆಕ್ಕಾ ಮಾಡಾಕತ್ತೈತಿ."

"ಸುಳ್ಳು ಹೇಳಬ್ಯಾಡ ಪ್ರಭಾ. ನಾಲ್ಕು ಬಂದಾಗ ಖರೇ ಹೇಳಿದ್ದಿ. ಈಗೂ ಖರೇನ ಹೇಳು."

ಪ್ರಭಾವತಿ ನೆಲ ನೋಡುತ್ತ, "ಅರವತ್ತೊಂದು," ಎಂದಳು.

ತಿಪ್ಪವ್ವ ಬಟ್ಟೆ ಬಿಚ್ಚಿದಳು. ನಿಂಬೆಹಣ್ಣಿನಷ್ಟರ ಆ ಪಂಪು ಹಾಗೆಯೇ ಹೊಳೆಯುತ್ತಿತ್ತು.

"ಅಂದ್ರ ಅವತ್ತ ನೀ ಕೇಳಿದಾಗ ನಾ ಬಾಯಿ ಬಿಟ್ಟಿದ್ರ..."

"ಅತ್ತಿ, ಅರವತ್ತೊಂದು ಅಂದ್ರ ನೂರಲ್ರಿ. ಆದರೂ ಆಗತಿತ್ತು, ಇಲ್ಲಾಂದ್ರ ಇಲ್ಲ. ಯಾರಿಗೂ ಗೊತ್ತಿಲ್ಲ."

ಅದು ಸತ್ಯವೇ ಆಗಿತ್ತು. ಸತ್ಯದಿಂದ ಇಬ್ಬರಲ್ಲಿ ಒಬ್ಬರಿಗೂ ಏನೂ ಉಪಯೋಗವಾಗಲಿಲ್ಲ. ತಿಪ್ಪವ್ವ ಅತ್ತಳು. ಮಗ ಹೋದಾಗಿನಿಂದ ಅಳದವಳು, ಬಾಯಿಗೆ ಸೆರಗು ಹಿಡಿಯದೆ, ಕಾರ್ಖಾನೆಯ ಮಂದಿಯೆಲ್ಲ ನೋಡುವಂತೆ ಅತ್ತಳು. ಪ್ರಭಾವತಿ ಅವಳ ಹಿಂದೆ ಹೋಗಿ ಕೂತಳು.

ಅಳು ನಿಂತ ಮೇಲೆ ತಿಪ್ಪವ್ವ ಎದ್ದು, ಪಂಪನ್ನು ಆ ತುಕ್ಕಿನ ಎರಕಗಳ ಮೇಲೆ ಒಂದು ಸಲ ಹೊರಳಿಸಿದಳು.

"ಅಮ್ಮಾರ, ಅದು ಇನ್ನೂ ಗಟ್ಟಿ ಆಗಿಲ್ಲಲ್ರಿ," ಎಂದ ಹುಸೇನಸಾಬ.

"ಆಗತೈತಿ. ನೀ ಬೈತೀ, ನಾ ಬೈತೀನಿ. ಸೋಮವಾರ ಆಸ್ಪತ್ರಿಗೆ ಹೋಗೂಣು. ಈಗ ಬಾಗಲಾ ತಗೀತಾರಲ್ಲ."

ಮತ್ತೆ ಕೂತು ಪಂಪನ್ನು ಮಡಿಲಿಗೆ ಎಳೆದುಕೊಂಡಳು. ಏನು ಹೆಸರಿಡುತ್ತಾಳೋ ಎಂದು ಎಲ್ಲರೂ ಕಾದರು. ಹೊಸದರ ಮುಂದೆ ಸತ್ತವರ ಹೆಸರನ್ನು ಎಂದೂ ಎತ್ತದ ಆ ಮುದುಕಿ ಪಂಪಿನ ಬಾಯಿಗೆ ತನ್ನ ಬಾಯಿ ಹಚ್ಚಿ 'ಕುರ್ರ್' ಎಂದಳು, ಆಮೇಲೆ ಎಲ್ಲರಿಗೂ ಕೇಳುವಂತೆ, "ಮೌನೇಶ," ಎಂದಳು.

ಪದ್ಧತಿಯಂತೆ ಈಗ ಅವಳ ಬೆನ್ನಿಗೆ ಗುದ್ದಬೇಕು. ಹಿಂದೆ ಕೂತಿದ್ದವಳು ಪ್ರಭಾವತಿ. ಅವಳು ಮುಷ್ಟಿ ಕಟ್ಟಿ ಕೈ ಎತ್ತಿದಳು. ಬೆನ್ನಿಗೆ ತಾಗುವಷ್ಟರಲ್ಲಿ ಮುಷ್ಟಿ ಬಿಚ್ಚಿಹೋಯಿತು, ಕೈ ಬೆನ್ನಿನ ಮೇಲೆಯೇ ಉಳಿಯಿತು.